ಪ್ರೊಪೆಲ್ಲರ್ ವಿಮಾನವೋ, ಜೆಟ್ಟೋ?

ವಿಮಾನ ಹಾರಿಸಲು ಕಲಿತವರಿಗೆ ಎಲ್ಲ ವಿಮಾನಗಳನ್ನೂ ಹಾರಿಸಲು ಬರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಬಸವೇಶ್ವರನಗರದ ನಮ್ಮ ಬೀದಿಯ ಮಕ್ಕಳು ನನ್ನನ್ನು ಮೊದಲು ಕೇಳುವುದೂ ಅದನ್ನೇ: “ಅಕ್ಕಾ, ನೀವು ಅಮೆರಿಕಾಗೆ ಹೋಗೋ ದೊಡ್ಡ ವಿಮಾನ ಓಡಿಸ್ತೀರಾ?” ಇಲ್ಲ ಮಕ್ಕಳೇ. ಪೈಲಟ್ ಲೈಸೆನ್ಸ್ ಇದ್ದರೂ ಒಂದೊಂದು ಬಗೆಯ ದೊಡ್ಡ ವಿಮಾನಕ್ಕೂ ಬೇರೆ ಬೇರೆ ತರಬೇತಿ, ಬೇರೆ ಬೇರೆ ಪರೀಕ್ಷೆ ಇರುತ್ತದೆ. ಅದಕ್ಕೆ ಟೈಪ್ ರೇಟಿಂಗ್ ಎನ್ನುತ್ತಾರೆ. ಒಂದು ಸಲ ಒಂದು ಬಗೆಯ ವಿಮಾನ ಸೇರಿದರೆ ಸಾಮಾನ್ಯವಾಗಿ ಕೆಲವು ವರ್ಷ ಅದರಲ್ಲೇ ಇರಬೇಕು. ಆದ್ದರಿಂದ ಹೊಸ ಪೈಲಟ್‌ಗೆ ಮೊದಲ ವಿಮಾನದ ಆಯ್ಕೆ ಬಹಳ ದೊಡ್ಡ ಆಯ್ಕೆ.

ನಾನು ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದವಳು. ಆಮೇಲೆ ಕಣ್ಣು, ಕಿವಿ, ಹೃದಯ ಎಲ್ಲದರ ವೈದ್ಯಕೀಯ ಪರೀಕ್ಷೆ. ಹವಾಮಾನ, ದಿಕ್ಕು ಹಿಡಿಯುವ ವಿದ್ಯೆ, ವಾಯುಯಾನದ ನಿಯಮಗಳು, ವಿಮಾನದ ಯಂತ್ರಭಾಗ ಇವುಗಳ ಲಿಖಿತ ಪರೀಕ್ಷೆ. ಜೊತೆಗೆ 200 ಗಂಟೆಗಳ ಹಾರಾಟ. ಆ ಹಾರಾಟದ ಬಹುಪಾಲು ಸೆಸ್ನಾ 172 ಎಂಬ ನಾಲ್ಕು ಸೀಟಿನ ಪುಟ್ಟ ವಿಮಾನದಲ್ಲಿ. ಲೈಸೆನ್ಸ್ ಬಂದ ಮೇಲೂ ತಿಂಗಳುಗಟ್ಟಲೆ ಕಾದೆ. ಕೊನೆಗೆ ಎರಡು ಬಾಗಿಲು ಒಟ್ಟಿಗೆ ತೆರೆದವು. ಒಂದು ಕಡೆ ಏರ್‌ಬಸ್ 320 ಎಂಬ ಜೆಟ್. ಇನ್ನೊಂದು ಕಡೆ ಎಟಿಆರ್ 72 ಎಂಬ ಪ್ರೊಪೆಲ್ಲರ್ ವಿಮಾನ. ಉತ್ತರ ಹೇಳಲು ಒಂದು ವಾರ ಸಮಯ.

ಇದು ಬರೀ ಇಷ್ಟಾನಿಷ್ಟದ ಮಾತಾಗಿರಲಿಲ್ಲ. ನನ್ನ ತರಬೇತಿಗಾಗಿ ಅಪ್ಪ ಕೆಂಗೇರಿ ಉಪನಗರದ ಸೈಟನ್ನು ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ತಂದಿದ್ದರು. ನನಗೆ ಬಂದ ಎರಡು ಅವಕಾಶಗಳಲ್ಲಿ ಜೆಟ್‌ನ ಸಂಬಳ ಹೆಚ್ಚು. ಅಲ್ಲಿಗೆ ಹೋದರೆ ಸೈಟು ಬೇಗ ಬಿಡುಗಡೆ. ಆದರೆ ನನ್ನ ಮನಸ್ಸು ಪ್ರೊಪೆಲ್ಲರ್ ಕಡೆಗೆ ಎಳೆಯುತ್ತಿತ್ತು.

ಅಜ್ಜಿ ಫೋನಿನಲ್ಲಿ ಎರಡೂ ವಿಮಾನಗಳ ಚಿತ್ರ ನೋಡಿದರು. “ಇದೇನೇ, ಫ್ಯಾನ್ ಹಾಕಿರೋ ವಿಮಾನ! ನಮ್ಮ ಕಾಲದ್ದಲ್ವಾ ಇದು? ಈಗಲೂ ಓಡಿಸ್ತಾರಾ?” ಎಂದರು. ಅಜ್ಜಿ ಹೇಳಿದ್ದು ಅರ್ಧ ನಿಜ. ಮಂಗಳೂರಿನ ಬಜ್ಪೆ ನಿಲ್ದಾಣ 1951ರ ಡಿಸೆಂಬರ್ 25ರಂದು ಉದ್ಘಾಟನೆಯಾದಾಗ ಪ್ರಧಾನಿ ನೆಹರೂ ಬಂದಿಳಿದದ್ದು ಡಗ್ಲಾಸ್ ಡಿಸಿ-3 ಎಂಬ ಪ್ರೊಪೆಲ್ಲರ್ ವಿಮಾನದಲ್ಲೇ. ಆದರೆ ಇಂದಿನ ಪ್ರೊಪೆಲ್ಲರ್ ವಿಮಾನದ ಒಳಗುಟ್ಟು ಬೇರೆ. ಅದನ್ನು ಅಜ್ಜಿಗೆ ವಿವರಿಸಿದ್ದು ನಾನಲ್ಲ, ತಾತ. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಮೂವತ್ತು ವರ್ಷ ಲೇತ್ ಮಶೀನಿನ ಮುಂದೆ ನಿಂತವರು ಅವರು. ಗೇರು ಎಂದರೆ ಅವರಿಗೆ ಮನೆಯವರಿದ್ದಂತೆ.

“ನೋಡು, ಒಳಗೆ ಇರೋದು ಜೆಟ್ ಎಂಜಿನ್ನಿನ ತಮ್ಮ. ಬಿಸಿ ಗಾಳಿ ಚಕ್ರ ತಿರುಗಿಸುತ್ತೆ. ಆ ಚಕ್ರ ಬಹಳ ಜೋರಾಗಿ ತಿರುಗುತ್ತೆ. ಗೇರ್‌ಬಾಕ್ಸು ಅದರ ವೇಗ ಇಳಿಸಿ, ಬಲ ಏರಿಸಿ, ಹೊರಗಿನ ಫ್ಯಾನಿಗೆ ಕೊಡುತ್ತೆ. ಅಷ್ಟೇ” ಎಂದರು ತಾತ. ನಮ್ಮ ತರಬೇತಿ ಪುಸ್ತಕದಲ್ಲಿ ಇದಕ್ಕೆ ನಾಲ್ಕು ಪುಟ ಇದೆ. ಇಂಥ ಎಂಜಿನ್ನಿಗೆ ಟರ್ಬೊಪ್ರಾಪ್ ಎಂದು ಹೆಸರು. ಪ್ರೊಪೆಲ್ಲರ್ ಹೆಚ್ಚು ಗಾಳಿಯನ್ನು ನಿಧಾನವಾಗಿ ಹಿಂದಕ್ಕೆ ತಳ್ಳುತ್ತದೆ. ಜೆಟ್ ಕಡಿಮೆ ಗಾಳಿಯನ್ನು ಬಹಳ ವೇಗವಾಗಿ ತಳ್ಳುತ್ತದೆ. ವೇಗ ಕಡಿಮೆ ಇರುವಾಗ ಮೊದಲನೆಯದರಲ್ಲಿ ಇಂಧನ ಉಳಿಯುತ್ತದೆ.

ಹಾಗಾದರೆ ಎಲ್ಲ ಕಡೆಗೂ ಪ್ರೊಪೆಲ್ಲರ್ ವಿಮಾನವನ್ನೇ ಯಾಕೆ ಹಾರಿಸಬಾರದು? ನಮ್ಮ ಮೆಟ್ರೊ ನೆನಪಿಸಿಕೊಳ್ಳಿ. ವಿಜಯನಗರದಲ್ಲಿ ಹೊರಟ ರೈಲು ವೇಗ ಹಿಡಿಯುವಷ್ಟರಲ್ಲಿ ಅತ್ತಿಗುಪ್ಪೆ ಬಂದುಬಿಡುತ್ತದೆ, ಬ್ರೇಕು ಹಾಕಬೇಕು. ಅಷ್ಟು ದೂರಕ್ಕೆ ಗಂಟೆಗೆ 300 ಕಿ.ಮೀ. ಓಡುವ ರೈಲು ತಂದರೂ ಉಪಯೋಗವಿಲ್ಲ. ಜೆಟ್ ವಿಮಾನಕ್ಕೂ ಹೀಗೆಯೇ. ಅದು 35,000 ಅಡಿಗಳ ಆಸುಪಾಸಿಗೆ ಏರಿ, ಗಂಟೆಗೆ 800 ಕಿ.ಮೀ.ಗಿಂತ ವೇಗದಲ್ಲಿ ಬಹಳ ಹೊತ್ತು ಹಾರಿದರೆ ಲಾಭ. ಬೆಂಗಳೂರಿನಿಂದ ದೆಹಲಿಗೆ ಅದೇ ಸರಿ. ಎಟಿಆರ್ ಗಂಟೆಗೆ ಸುಮಾರು 500 ಕಿ.ಮೀ. ಹೋಗುತ್ತದೆ, 25,000 ಅಡಿ ದಾಟುವುದಿಲ್ಲ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಅಷ್ಟು ಸಾಕು. ಆ ದೂರಕ್ಕೆ ಜೆಟ್ ಹತ್ತಿದರೂ ಉಳಿಯುವುದು ಕೆಲವೇ ನಿಮಿಷ.

ಇನ್ನೊಂದು ಲೆಕ್ಕ. ಎಟಿಆರ್ 72ರಲ್ಲಿ 78 ಸೀಟು, ಏರ್‌ಬಸ್ 320ರಲ್ಲಿ 180ರಷ್ಟು. ಒಂದು ಸಣ್ಣ ಊರಿನಿಂದ ದಿನಕ್ಕೆ 60 ಜನ ಹೊರಡುತ್ತಾರೆ ಎಂದುಕೊಳ್ಳಿ. ಎಟಿಆರ್‌ನಲ್ಲಿ ಮುಕ್ಕಾಲು ಸೀಟು ತುಂಬುತ್ತದೆ. ಏರ್‌ಬಸ್‌ನಲ್ಲಿ ಮೂರರಲ್ಲಿ ಎರಡು ಪಾಲು ಖಾಲಿ. ಖಾಲಿ ಸೀಟು ಹೊತ್ತು ಹಾರುವ ವಿಮಾನ ಆ ಊರಿಗೆ ಬಹಳ ದಿನ ಬರುವುದಿಲ್ಲ.

ರನ್‌ವೇಯ ಉದ್ದವೂ ಮುಖ್ಯ. ಮೈಸೂರಿನ ಮಂಡಕಳ್ಳಿ ನಿಲ್ದಾಣದ ರನ್‌ವೇ 1,740 ಮೀಟರ್. ತುಂಬಿದ ಏರ್‌ಬಸ್ 320ಕ್ಕೆ ಅದು ಸಾಲದು, ಎಟಿಆರ್‌ಗೆ ಸಾಕು. ಕಲಬುರಗಿ, ಶಿವಮೊಗ್ಗಗಳ ಹೊಸ ರನ್‌ವೇಗಳು 3,000 ಮೀಟರ್ ದಾಟಿವೆ, ಅಲ್ಲಿ ದೊಡ್ಡ ಜೆಟ್ ಕೂಡ ಇಳಿಯಬಹುದು. ಆದರೂ 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋದ ಮೊದಲ ಪ್ರಯಾಣಿಕ ವಿಮಾನ ಇಂಡಿಗೊದ ಎಟಿಆರ್. ಅದಕ್ಕೂ ಇಪ್ಪತ್ತು ವರ್ಷ ಹಿಂದೆ, 2003ರಲ್ಲಿ, ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಿಸಿದ್ದೂ ಇದೇ ಮನೆತನದ ಸಣ್ಣ ವಿಮಾನ, ಎಟಿಆರ್ 42. ಸಣ್ಣ ಊರುಗಳಿಗೆ ಜೆಟ್ ಹಾರಿಸುವವರೂ ಇದ್ದಾರೆ. 2019ರ ಜನವರಿಯಲ್ಲಿ ಆರಂಭವಾದ ಸ್ಟಾರ್ ಏರ್ ಬ್ರೆಜಿಲ್ ದೇಶದ ಎಂಬ್ರೇಯರ್ ಜೆಟ್‌ಗಳನ್ನು ಆರಿಸಿಕೊಂಡಿತು. ಮೊದಲು 50 ಸೀಟಿನದು, 2023ರಿಂದ 76 ಸೀಟಿನದು. ಅಂದರೆ ಕಂಪನಿಗಳಿಗೂ ಇದು ಒಂದೇ ಉತ್ತರವಿರುವ ಪ್ರಶ್ನೆಯಲ್ಲ.

ಪೈಲಟ್‌ಗೆ ಏನು ವ್ಯತ್ಯಾಸ? ಏರ್‌ಬಸ್‌ನಲ್ಲಿ ಪಕ್ಕದ ಪುಟ್ಟ ಕಡ್ಡಿ ಅಲುಗಿಸಿದರೆ ಕಂಪ್ಯೂಟರು ಅದನ್ನು ಓದಿಕೊಂಡು ರೆಕ್ಕೆಯ ಭಾಗಗಳನ್ನು ಚಲಿಸುತ್ತದೆ. ಎಂಜಿನ್ನಿನ ಶಕ್ತಿಯನ್ನೂ ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳಬಲ್ಲದು. ಅದು ಅದ್ಭುತವಾದ ವಿಮಾನ. ಎಟಿಆರ್‌ನಲ್ಲಿ ಮುಂದೆ ದೊಡ್ಡ ಹಿಡಿಕೆ ಇದೆ, ಅದರಿಂದ ಉಕ್ಕಿನ ತಂತಿಗಳು ಹೋಗಿವೆ. ಗಾಳಿ ಗುದ್ದಿದ್ದು ಕೈಗೆ ಗೊತ್ತಾಗುತ್ತದೆ. ಎಂಜಿನ್ನಿನ ಶಕ್ತಿಯನ್ನು ಪೈಲಟ್ಟೇ ಕೈಯಿಂದ ಹೊಂದಿಸಬೇಕು. ಶಕ್ತಿ ಏರಿಸಿದಾಗ ಪ್ರೊಪೆಲ್ಲರ್‌ನಿಂದ ಮೂತಿ ಒಂದು ಪಕ್ಕಕ್ಕೆ ವಾಲುತ್ತದೆ, ಅದನ್ನು ಕಾಲಿನ ಪೆಡಲ್ಲಿನಿಂದ ನೇರ ಮಾಡಬೇಕು.

ಇಳಿಯುವುದರ ಲೆಕ್ಕವನ್ನೂ ಹಾಕಿ ನೋಡಿ. ನಿಯಮದ ಪ್ರಕಾರ ಪೈಲಟ್ ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ. ಒಂದೊಂದು ಗಂಟೆಯ ಪ್ರಯಾಣವಾದರೆ ಆ ಸಾವಿರ ಗಂಟೆಯಲ್ಲಿ 1,000 ಸಲ ಏರಿ ಇಳಿಯಬೇಕು. ಎರಡೂವರೆ ಗಂಟೆಯ ಪ್ರಯಾಣವಾದರೆ 400 ಸಲ. ಇಬ್ಬರು ಪೈಲಟ್‌ಗಳು ಸರದಿ ಹಂಚಿಕೊಂಡರೆ ನನ್ನ ಪಾಲಿಗೆ ಒಂದು ಕಡೆ 500, ಇನ್ನೊಂದು ಕಡೆ 200. ದೋಸೆ ಹುಯ್ಯುವುದನ್ನು ಕಲಿಯುವವರಿಗೆ ಯಾವುದು ಒಳ್ಳೆಯದು, ವಾರಕ್ಕೊಂದು ದೋಸೆಯೋ, ದಿನಾ ಒಂದೋ? ಹಾರಾಟದಲ್ಲಿ ಕಷ್ಟವಾದದ್ದು ಏರುವುದು ಮತ್ತು ಇಳಿಯುವುದು.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. ನನಗಿಂತ ಹಿರಿಯರಾದ ಒಬ್ಬ ಪೈಲಟ್ ನೇರವಾಗಿಯೇ ಹೇಳಿದರು: “ನಮ್ಮ ದೇಶದಲ್ಲಿ ಏರ್‌ಬಸ್‌ಗಳೇ ಹೆಚ್ಚು. ಮುಂದೆ ಕಂಪನಿ ಬದಲಿಸಬೇಕಾದರೆ ಜೆಟ್‌ನ ಅನುಭವ ಕೇಳ್ತಾರೆ. ಎಟಿಆರ್‌ನಲ್ಲಿ ದಿನಕ್ಕೆ ನಾಲ್ಕು ಸಲ ಏರಿ ಇಳಿದು ಸಂಜೆಗೆ ಸುಸ್ತಾಗ್ತೀಯಮ್ಮ. ಜೆಟ್ ಮೋಡದ ಮೇಲೆ ಹಾರುತ್ತೆ, ನೀನು ಮಲೆನಾಡಿನ ಮಳೆಮೋಡದ ಮಧ್ಯೆ ಹಾರಬೇಕು.” ಇದೆಲ್ಲ ಸತ್ಯ. ಅಮೆರಿಕದ ಎಷ್ಟೋ ಸಣ್ಣ ವಿಮಾನ ಕಂಪನಿಗಳಲ್ಲಿ ವಿಮಾನವನ್ನೂ ಊರನ್ನೂ ಹಿರಿತನದ ಸರದಿಯಂತೆ ಆರಿಸಿಕೊಳ್ಳಬೇಕಂತೆ. ನಮ್ಮಲ್ಲಿ ಬಹಳಷ್ಟು ಸಲ ಕಂಪನಿಯೇ ಹೇಳಿಬಿಡುತ್ತದೆ. ನನಗೆ ಆರಿಸುವ ಅವಕಾಶ ಸಿಕ್ಕಿದ್ದೇ ಭಾಗ್ಯ.

ಕೊನೆಗೆ ತಾತ ಹಳೆಯ ಲೆಕ್ಕದ ಪುಸ್ತಕ ತೆಗೆದರು. ಅಪ್ಪನನ್ನೂ ಕೂರಿಸಿಕೊಂಡು ಸಂಬಳ, ಬ್ಯಾಂಕಿನ ಕಂತು, ಮನೆಗೆ ಕೊಡುವುದು, ನನ್ನ ಖರ್ಚು ಎಲ್ಲವನ್ನೂ ಎರಡು ಕಂಬ ಹಾಕಿ ಬರೆದರು. ಎಟಿಆರ್‌ನ ಸಂಬಳದಲ್ಲೂ ಕಂತು ಕಟ್ಟಬಹುದಿತ್ತು. ಆದರೆ ಸೈಟು ಬಿಡಿಸಿಕೊಳ್ಳಲು ಮೂರು ವರ್ಷ ಹೆಚ್ಚು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಸೈಟಿನಲ್ಲಿ ಮನೆ ಕಟ್ಟಿಸಬೇಕೆಂಬುದು ಅವರ ಬಹಳ ದಿನದ ಆಸೆ. ನಾನು “ಏರ್‌ಬಸ್ಸೇ ಆಗಲಿ ಬಿಡಿ ಅಪ್ಪಾ” ಎಂದೆ. ತಾತ ಪೆನ್ನು ಕೆಳಗಿಟ್ಟರು. “ನಾನು ಕೆಲಸ ಕಲಿತದ್ದು ಕೈಯಿಂದ ತಿರುಗಿಸೋ ಲೇತ್‌ನಲ್ಲಿ. ಕಂಪ್ಯೂಟರ್ ಮಶೀನು ಆಮೇಲೆ ಬಂತು. ಕೈ ಕಲಿತಿತ್ತು, ಅದಕ್ಕೇ ಕಂಪ್ಯೂಟರ್ ತಪ್ಪು ಮಾಡಿದಾಗ ಶಬ್ದದಲ್ಲೇ ಗೊತ್ತಾಗ್ತಿತ್ತು. ಆದ್ರೆ ಮೂರು ವರ್ಷ ಕಾಯಬೇಕಾದೋನು ನಿಮ್ಮಪ್ಪ. ಅವನನ್ನ ಕೇಳು” ಎಂದರು. ಅಪ್ಪ ಪುಸ್ತಕ ಮುಚ್ಚಿ, “ಸೈಟು ಎಲ್ಲೂ ಓಡಿಹೋಗಲ್ಲ. ನೀನು ಗಟ್ಟಿಯಾಗಿ ಕಲಿ” ಎಂದರು.

ಹೀಗೆ ನಾನು ಎಟಿಆರ್ ಸೇರಿದೆ. ಕೆಲವು ವಾರ ತರಗತಿ, ಕೆಲವು ವಾರ ಸಿಮ್ಯುಲೇಟರ್. ಅದು ಕೋಣೆಯಷ್ಟು ದೊಡ್ಡ ಯಂತ್ರ. ಒಳಗೆ ಥೇಟ್ ವಿಮಾನದಂತೆಯೇ ಇರುತ್ತದೆ. ಗುರುಗಳು ಹಿಂದೆ ಕುಳಿತು ಒಂದು ಎಂಜಿನ್ನನ್ನು ಆರಿಸಿಬಿಡುತ್ತಾರೆ, ಇನ್ನೊಂದರಿಂದಲೇ ಇಳಿಸಬೇಕು. ಮೊದಮೊದಲು ಕಾಲಿನ ಮೀನಖಂಡ ನೋಯುತ್ತಿತ್ತು. ಈಗ ಕಾಲು ತಾನಾಗಿಯೇ ಪೆಡಲ್ಲಿಗೆ ಹೋಗುತ್ತದೆ.

ಬೆಳಗಿನ ಮೊದಲ ವಿಮಾನವಿದ್ದರೆ ರಾತ್ರಿ ಮೂರಕ್ಕೇ ಕಾರು ಬರುತ್ತದೆ. ದೇವನಹಳ್ಳಿಗೆ ಸುಮಾರು 40 ಕಿ.ಮೀ. ಎರಡು ಊರಿಗೆ ಹೋಗಿ ಬಂದು, ಎಷ್ಟೋ ದಿನ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತೇನೆ. ಏರ್‌ಬಸ್ ಆರಿಸಿಕೊಂಡ ನನ್ನ ಗೆಳತಿ ನನಗಿಂತ ಹೆಚ್ಚು ದುಡಿಯುತ್ತಾಳೆ, ಹೆಚ್ಚು ದೂರ ಹೋಗುತ್ತಾಳೆ, ಖುಷಿಯಾಗಿದ್ದಾಳೆ. ಅವಳ ಆಯ್ಕೆ ಅವಳಿಗೆ ಸರಿ. ಮುಂದೊಂದು ದಿನ ನಾನೂ ಜೆಟ್‌ಗೆ ಹೋಗಬಹುದು. ಆಗ ಮತ್ತೆ ತರಗತಿ, ಮತ್ತೆ ಪರೀಕ್ಷೆ. ಸೈಟಿನ ಸಾಲ ಇನ್ನೂ ಇದೆ. ಪ್ರತಿ ತಿಂಗಳು ಕಂತು ಹೋದ ಸಂದೇಶ ಬಂದಾಗ ಅಪ್ಪನಿಗೆ ಕಳಿಸುತ್ತೇನೆ.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳು ಕೋರ್ಸನ್ನೋ ಕೆಲಸವನ್ನೋ ಆರಿಸುವಾಗ ಯಾವುದು ದೊಡ್ಡದು ಎಂಬುದರ ಜೊತೆಗೆ ಯಾವುದರಲ್ಲಿ ಕೈ ಹೆಚ್ಚು ಪಳಗುತ್ತದೆ ಎಂಬುದನ್ನೂ ಕೇಳಿ. ಮನೆಯ ಲೆಕ್ಕವನ್ನು ಅವರ ಮುಂದೆಯೇ ಬರೆಯಿರಿ. ಅದರಿಂದ ಅವರ ಆಯ್ಕೆಗೆ ತೂಕ ಬರುತ್ತದೆ.

ಮಕ್ಕಳೇ, ಮೈಸೂರಿಗೋ ಶಿವಮೊಗ್ಗಕ್ಕೋ ವಿಮಾನದಲ್ಲಿ ಹೋಗುವ ಅವಕಾಶ ಸಿಕ್ಕರೆ ಗಮನಿಸಿ. ರೆಕ್ಕೆ ನಿಮ್ಮ ಕಿಟಕಿಯ ಮೇಲಿದ್ದು, ಹಿಂದಿನ ಬಾಗಿಲಿನಿಂದ ಹತ್ತಿಸಿಕೊಂಡರೆ ಅದು ಎಟಿಆರ್. ನಿಂತಿರುವಾಗ ಅದರ ಪ್ರೊಪೆಲ್ಲರ್‌ನ ಅಲಗುಗಳನ್ನು ದೂರದಿಂದಲೇ ಎಣಿಸಿ, ಆರು ಇರುತ್ತವೆ. ಬಲಗಡೆಯ ಎಂಜಿನ್ ಗುಂಯ್ ಎನ್ನುತ್ತಿದ್ದರೂ ಅದರ ಪ್ರೊಪೆಲ್ಲರ್ ತಿರುಗದೆ ನಿಂತಿದ್ದರೆ ಗಾಬರಿ ಬೇಡ. ಅದಕ್ಕೊಂದು ಬ್ರೇಕ್ ಇದೆ. ಒಳಗೆ ಕುಳಿತವರಿಗೆ ದೀಪ, ತಂಪುಗಾಳಿ ಕೊಡಲು ಎಂಜಿನ್ ಮಾತ್ರ ಓಡುತ್ತಿರುತ್ತದೆ. ಪಕ್ಕದಲ್ಲಿ ಕುಳಿತ ತಾತನಿಗೆ ಇದನ್ನು ನೀವೇ ವಿವರಿಸಿ.