ಶಿಲೆಯ ಶುದ್ಧಿಯೂ ಮರಳಿನ ಪೆಟ್ಟೂ

ಗುಡಿ, ಮಠ, ಗದ್ದುಗೆಗಳ ಜೀರ್ಣೋದ್ಧಾರವು ಪುಣ್ಯಕಾರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಈ ಕಾರ್ಯಕ್ಕೆ ಮುಂದಾಗುವ ಸದ್ಭಕ್ತರು ಒಂದು ವಿಷಯವನ್ನು ಅರಿತಿರುವುದು ಅವಶ್ಯ. ತಲೆಮಾರುಗಳಿಂದ ಕಲ್ಲಿಗಂಟಿದ ಸುಣ್ಣ, ಎಣ್ಣೆಜಿಡ್ಡು, ದೀಪದ ಮಸಿಗಳನ್ನು ಒಂದೆರಡು ದಿನಗಳಲ್ಲಿ ತೆಗೆದುಕೊಡುವೆವೆಂದು ‘ಸ್ಯಾಂಡ್ ಬ್ಲಾಸ್ಟಿಂಗ್’ ಯಂತ್ರವನ್ನು ತರುವವರುಂಟು. ಕಲ್ಲು ಹೊಸದರಂತೆ ಕಾಣುವುದು ನಿಜ. ಆದರೆ ಕೊಳೆಯೊಡನೆ ಕಲ್ಲಿನ ಮೈಯೂ ಹೋಗಿರುತ್ತದೆ.

ಮರಳನ್ನು ರಭಸದಿಂದ ಚಿಮ್ಮಿಸುವ ಈ ವಿಧಾನಕ್ಕೆ ಅಮೆರಿಕದ ಬೆಂಜಮಿನ್ ಟಿಲ್ಗ್‌ಮನ್ 1870ರಲ್ಲಿ ಪೇಟೆಂಟ್ ಪಡೆದನು. ಉಕ್ಕಿನ ಸೇತುವೆ, ಟ್ಯಾಂಕುಗಳಿಗೆ ಬಣ್ಣ ಬಳಿಯುವ ಮುನ್ನ ಇಂತಹ ಹೊಡೆತ ಉಪಯುಕ್ತವೇ ಸರಿ. ತುಕ್ಕು ಕಳೆದು ಮೈ ಒರಟಾದರೆ ಬಣ್ಣ ಭದ್ರವಾಗಿ ಹಿಡಿಯುತ್ತದೆ. ಅಲ್ಲಿ ಸಾಮಾನ್ಯವಾಗಿ ಬಯಸುವ ಒರಟುತನ 50ರಿಂದ 75 ಮೈಕ್ರಾನ್, ಅಂದರೆ ಸುಮಾರು ಒಂದು ಕೂದಲೆಳೆಯ ದಪ್ಪ.

ಕಣಗಳು ದೊಡ್ಡವೂ ಚೂಪಾದವೂ ಆದಷ್ಟು, ಗಾಳಿಯ ಒತ್ತಡ ಹೆಚ್ಚಿದಷ್ಟು ಗುಳಿಗಳು ಆಳವಾಗುತ್ತವೆ. ನಳಿಕೆಯನ್ನು ಹಿಡಿಯುವ ದೂರ ಮತ್ತು ಓರೆಯೂ ಮುಖ್ಯ. ಲೋಹವು ಓರೆಯಾದ ಪೆಟ್ಟಿಗೆ ಹೆಚ್ಚು ಸವೆದರೆ, ಬಿರಿಯುವ ಸ್ವಭಾವದ ಕಲ್ಲು ನೇರ ಪೆಟ್ಟಿಗೆ ಹೆಚ್ಚು ಸವೆಯುತ್ತದೆ. ಇನ್ನೊಂದು ಸಂಗತಿ ಗಮನಾರ್ಹ. ಸ್ವಲ್ಪ ಹೊತ್ತಿನಲ್ಲಿ ಒರಟುತನವು ಒಂದು ಮಿತಿಗೆ ಬಂದು ನಿಲ್ಲುತ್ತದೆ. ಸವೆತ ಮಾತ್ರ ನಿಲ್ಲುವುದಿಲ್ಲ. ಆದ್ದರಿಂದಲೇ ಎಷ್ಟು ಕಲ್ಲು ಹೋಯಿತೆಂಬುದು ನೋಡುವವರಿಗೆ ತಿಳಿಯುವುದಿಲ್ಲ.

1112ರ ಇಟಗಿಯ ಮಹಾದೇವ ದೇವಾಲಯದಂತಹ ಕಲ್ಯಾಣ ಚಾಲುಕ್ಯರ ಕಾಲದ ಅನೇಕ ಗುಡಿಗಳು ಬಳಪದ ಕಲ್ಲಿನವು. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮಾಪಕದಲ್ಲಿ ಮರಳಿನ ಬೆಣಚು 7. ಬಳಪದ ಕಲ್ಲಿನ ಮುಖ್ಯ ಖನಿಜಗಳು 3ಕ್ಕಿಂತ ಕಡಿಮೆ. ಇಂತಹ ಕಲ್ಲಿಗೆ ಮರಳು ಬಡಿದರೆ ಸೂಕ್ಷ್ಮ ಕೆತ್ತನೆ ಉಳಿಯುವುದೆಂತು? ಒರಟಾದ ಮೈಯಲ್ಲಿ ನೀರು, ಧೂಳು, ಪಾಚಿ ಸುಲಭವಾಗಿ ನೆಲೆಸುವುದರಿಂದ ಕಲ್ಲು ಮೊದಲಿಗಿಂತ ಬೇಗ ಕೊಳೆಯಾಗುತ್ತದೆ.

ಶಾಸನಗಳ ಮಾತಂತೂ ಇನ್ನೂ ಗಂಭೀರ. ಬೆಳಗಾವಿ ಜಿಲ್ಲೆಯ ಅರ್ಜುನವಾಡದ 1260ರ ಶಿಲಾಶಾಸನದಲ್ಲಿ ಬಸವಣ್ಣನವರ ಉಲ್ಲೇಖವಿದೆ. ಕಲ್ಲಿನ ಮೇಲೆ ಆ ಅಕ್ಷರಗಳು ಉಳಿದುದರಿಂದಲ್ಲವೇ ನಮಗೆ ಅಂತಹ ಆಧಾರ ದೊರೆತದ್ದು? ನಿಮ್ಮೂರಿನ ಗುಡಿಯ ಸುಣ್ಣದ ಪದರಗಳಡಿ ಯಾವ ಅಕ್ಷರಗಳು ಅಡಗಿವೆಯೋ ಬಲ್ಲವರಾರು?

ನಳಿಕೆ ಹಿಡಿದು ದುಡಿಯುವ ಕಾಯಕಜೀವಿಯನ್ನೂ ಮರೆಯಲಾಗದು. ಮರಳಿನ ನವಿರಾದ ಧೂಳು ಶ್ವಾಸಕೋಶ ಸೇರಿ ‘ಸಿಲಿಕೋಸಿಸ್’ ಎಂಬ ಗುಣವಾಗದ ರೋಗವನ್ನು ತರುತ್ತದೆ. ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಈ ಕೆಲಸಕ್ಕೆ ಮರಳು ಬಳಸುವುದನ್ನು 1949ರ ನಿಯಮಗಳೇ ನಿಷೇಧಿಸಿದವು.

ಹಾಗಾದರೆ ಮಾಡಬೇಕಾದುದೇನು? ಮೊದಲು ಕಲ್ಲಿನ ಛಾಯಾಚಿತ್ರ ತೆಗೆಸಿರಿ. ಪುರಾತತ್ತ್ವ ಇಲಾಖೆಯ ತಜ್ಞರ ಸಲಹೆ ಪಡೆಯಿರಿ. ಅವರ ಒಪ್ಪಿಗೆಯಂತೆ ಸುಣ್ಣವನ್ನು ನೀರಿನಿಂದ ನೆನೆಸಿ, ಬಿದಿರಿನ ಚಕ್ಕೆ ಮತ್ತು ಮೃದುವಾದ ಕುಂಚಗಳಿಂದ ನಿಧಾನವಾಗಿ ಬಿಡಿಸಬಹುದು. ತಂತಿಯ ಕುಂಚ ಬೇಡ. ಈ ಕೆಲಸಕ್ಕೆ ತಿಂಗಳುಗಳೇ ಹಿಡಿಯಬಹುದು. ಹಿಡಿಯಲಿ. ಹಿರಿಯರು ಕಾಯ್ದುಕೊಟ್ಟ ಶಿಲೆಯನ್ನು ಮಕ್ಕಳಿಗೆ ಹಾಗೆಯೇ ಒಪ್ಪಿಸುವುದೂ ಒಂದು ಕಾಯಕವೇ ಅಲ್ಲವೇ?