ಡೇಟಾಬೇಸಿನಲ್ಲಿ ಅನ್ಯೋನ್ಯಾವರೋಧ: ಕಾರಣವಿಚಾರ

ತರ್ಕಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯವೆಂಬ ದೋಷವೊಂದುಂಟು. ಒಂದರ ಸಿದ್ಧಿಗೆ ಎರಡನೆಯದೂ, ಎರಡನೆಯದರ ಸಿದ್ಧಿಗೆ ಮೊದಲನೆಯದೂ ಬೇಕಾದಲ್ಲಿ ಯಾವುದೂ ಸಿದ್ಧಿಸದು. ಈ ಅಪೇಕ್ಷೆಯು ಮೂರು ವಸ್ತುಗಳನ್ನು ಸುತ್ತಿ ಬಂದರೆ ಅದು ಚಕ್ರಕ. ಡೇಟಾಬೇಸ್ ಸರ್ವರಿನಲ್ಲಿ ಡೆಡ್‌ಲಾಕ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಸ್ಥಿತಿಯು ಈ ದೋಷದ ಕ್ರಿಯಾರೂಪವೇ ಆಗಿದೆ.

ಭೂಮಿ ಯೋಜನೆಯಿಂದ ಕರ್ನಾಟಕದ ಪಹಣಿಗಳು ಗಣಕಯಂತ್ರವನ್ನು ಸೇರಿದ ಬಳಿಕ, ಬೆಳಗಾವಿ ಸೀಮೆಯವರು ಉತಾರವೆನ್ನುವ ಆ ಪತ್ರದ ಆಧಾರವೂ ಡೇಟಾಬೇಸೇ ಆಗಿದೆ. ಆದುದರಿಂದ ಈ ವಿಚಾರವು ಯಂತ್ರಜ್ಞರಿಗೆ ಮಾತ್ರ ಸಂಬಂಧಿಸಿದುದಲ್ಲ. ದೃಷ್ಟಾಂತಮಾತ್ರಕ್ಕಾಗಿ ಹೀಗೆ ಕಲ್ಪಿಸಬಹುದು: ಒಂದು ವ್ಯವಹಾರವು ನಿಪ್ಪಾಣಿಯ ದಾಖಲೆಗೆ ಬೀಗ ಹಾಕಿ ಚಿಕ್ಕೋಡಿಯದನ್ನು ಬಯಸುತ್ತದೆ; ಮತ್ತೊಂದು ಚಿಕ್ಕೋಡಿಯದಕ್ಕೆ ಬೀಗ ಹಾಕಿ ನಿಪ್ಪಾಣಿಯದನ್ನು ಬಯಸುತ್ತದೆ. ಇದು ಅನ್ಯೋನ್ಯಾಶ್ರಯ. ಅಥಣಿಯದನ್ನು ಹಿಡಿದುದು ರಾಯಬಾಗದ್ದಕ್ಕೂ, ರಾಯಬಾಗದ್ದನ್ನು ಹಿಡಿದುದು ಕಾಗವಾಡದ್ದಕ್ಕೂ, ಕಾಗವಾಡದ್ದನ್ನು ಹಿಡಿದುದು ಅಥಣಿಯದಕ್ಕೂ ಕಾದರೆ ಚಕ್ರಕ. ಕೇವಲ ಕಾಯುವಿಕೆ ದೋಷವಲ್ಲ. ಮುಂದಿನವನ ಕೆಲಸ ಮುಗಿದೊಡನೆ ಅದು ಕೊನೆಗಾಣುವುದು. ಇಲ್ಲಿಯಾದರೋ ಕಾಯುವಿಕೆಗೆ ಕೊನೆಯೇ ಇಲ್ಲ.

ಕಾಫ್‌ಮನ್, ಎಲ್ಫಿಕ್, ಶೋಷಾನಿ ಎಂಬ ವಿದ್ವಾಂಸರು 1971ರಲ್ಲಿ ಇದಕ್ಕೆ ನಾಲ್ಕು ನಿಮಿತ್ತಗಳನ್ನು ನಿರೂಪಿಸಿದರು: ವಸ್ತುವು ಒಂದು ಕಾಲಕ್ಕೆ ಒಬ್ಬನಿಗೇ ದಕ್ಕುವುದು, ಹಿಡಿದುದನ್ನು ಬಿಡದೆ ಮತ್ತೊಂದಕ್ಕೆ ಕಾಯುವುದು, ಬಲಾತ್ಕಾರದಿಂದ ಬಿಡಿಸಲಾಗದಿರುವುದು, ಕಾಯುವಿಕೆಯು ಚಕ್ರವಾಗುವುದು. ಇವುಗಳಲ್ಲಿ ಒಂದಿಲ್ಲದಿದ್ದರೂ ದೋಷವು ಘಟಿಸದು.

ಸೀಕ್ವೆಲ್ ಸರ್ವರ್ ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಇಂತಹ ಚಕ್ರವನ್ನು ಅರಸುತ್ತದೆ. ಕಂಡಾಗ ಒಂದು ವ್ಯವಹಾರವನ್ನು ಬಲಿಯಾಗಿ ಆರಿಸಿ, 1205 ಎಂಬ ದೋಷಸಂಖ್ಯೆಯೊಡನೆ ರದ್ದುಮಾಡುತ್ತದೆ. ಆದರೆ ಬಲಿಯೇ ಅಪರಾಧಿಯೆಂದು ತಿಳಿಯುವುದು ಭ್ರಾಂತಿ. ಯಾವುದನ್ನು ರದ್ದುಮಾಡಿದರೆ ನಷ್ಟ ಕಡಮೆಯೋ ಅದನ್ನೇ ಸರ್ವರು ಪ್ರಾಯಶಃ ಆರಿಸುವುದು, ಕಾರಣವಾದರೋ ಚಕ್ರದಲ್ಲಿರುತ್ತದೆ.

ಆದುದರಿಂದ ಶೋಧಕನು ಸರ್ವರಿನ ಡೆಡ್‌ಲಾಕ್ ವರದಿಯನ್ನು ತೆಗೆದು, ಯಾವ ವ್ಯವಹಾರವು ಯಾವ ಬೀಗವನ್ನು ಹಿಡಿದಿತ್ತು, ಯಾವುದಕ್ಕೆ ಕಾದಿತ್ತು ಎಂಬುದನ್ನು ಕ್ರಮವಾಗಿ ಬರೆದುಕೊಳ್ಳಬೇಕು. ಇಲ್ಲಿ ಸೂಕ್ಷ್ಮವೊಂದುಂಟು. ವರದಿಯಲ್ಲಿ ಕಾಣುವ ವಾಕ್ಯವು ಬಹುಶಃ ಕಾಯುತ್ತಿದ್ದ ವಾಕ್ಯ. ಹಿಡಿದ ಬೀಗವು ಅದೇ ವ್ಯವಹಾರದ ಹಿಂದಿನ ವಾಕ್ಯದಿಂದ ಬಂದಿರಬಹುದು. ಪೂರ್ವಾಪರವನ್ನು ನೋಡದೆ ಒಂದು ವಾಕ್ಯದಿಂದಲೇ ಅರ್ಥನಿರ್ಣಯ ಮಾಡುವುದು ಗ್ರಂಥಸಂಪಾದನೆಯಲ್ಲಿ ಎಷ್ಟು ಅನುಚಿತವೋ ಇಲ್ಲಿಯೂ ಅಷ್ಟೇ ಅನುಚಿತ. ತಕ್ಕ ಸೂಚಿ, ಅಂದರೆ ಇಂಡೆಕ್ಸ್, ಇಲ್ಲದಿದ್ದರೆ ಬೇಡವಾದ ಸಾಲುಗಳಿಗೂ ಬೀಗ ಬೀಳುವ ಸಂಭವವಿರುವುದರಿಂದ ಅದನ್ನೂ ಪರಿಶೀಲಿಸತಕ್ಕದ್ದು.

ಕಾರಣವು ತಿಳಿದಲ್ಲಿ ಪರಿಹಾರವು ಸುಲಭ. ಎಲ್ಲ ವ್ಯವಹಾರಗಳೂ ಚಿಕ್ಕೋಡಿಯ ಬಳಿಕವೇ ನಿಪ್ಪಾಣಿಯದನ್ನು ಹಿಡಿಯುವಂತೆ ಒಂದೇ ಕ್ರಮವನ್ನು ವಿಧಿಸಿದರೆ ಅವೆರಡರ ನಡುವೆ ಚಕ್ರವೇ ಕೂಡದು. ರದ್ದಾದ ವ್ಯವಹಾರವನ್ನು ಮರಳಿ ನಡೆಸುವ ಏರ್ಪಾಡೂ ಅವಶ್ಯ. ಅದಿಲ್ಲದಿದ್ದರೆ ಬಲಿಯಾಗುವುದು ಯಂತ್ರದ ವ್ಯವಹಾರವಲ್ಲ, ಉತಾರದಲ್ಲಿ ತನ್ನ ಹೆಸರು ಏರಲೆಂದು ಕಾದಿರುವ ರೈತನ ಕಾರ್ಯ.