ನಿಮಗಿದು ಗೊತ್ತೆ? ಬಂದರಿನ ಕೆಲಸಕ್ಕೆ ಬೆರಳಚ್ಚೂ ಬೇಕು

● ಅಮೆರಿಕದ ಮೇಲೆ 2001ರ ಸೆಪ್ಟೆಂಬರ್ 11ರಂದು ನಡೆದ ದಾಳಿಯ ನಂತರ ಬಂದರುಗಳ ಕಾವಲೂ ಬಿಗಿಯಾಯಿತು. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಡಲ ಸಂಸ್ಥೆ 2002ರಲ್ಲಿ ಅಂಗೀಕರಿಸಿದ ‘ಐಎಸ್‌ಪಿಎಸ್’ ಭದ್ರತಾ ಸಂಹಿತೆ 2004ರ ಜುಲೈ 1ರಂದು ಜಾರಿಗೆ ಬಂತು.

● ಇದರಲ್ಲಿ 3 ಹಂತಗಳಿವೆ. ಮೊದಲನೆಯದು ದಿನನಿತ್ಯದ ಎಚ್ಚರ; ಎರಡನೆಯದು ಅಪಾಯ ಹೆಚ್ಚಿದಾಗಿನದು; ಮೂರನೆಯದು ದಾಳಿ ಸನ್ನಿಹಿತ ಎನ್ನುವಾಗಿನದು.

● ಅಮೆರಿಕದಲ್ಲಿ ಬಂದರಿನ ನಿರ್ಬಂಧಿತ ಜಾಗಕ್ಕೆ ಬೆಂಗಾವಲಿಲ್ಲದೆ ಹೋಗುವ ಹಮಾಲರು, ಲಾರಿ ಚಾಲಕರು, ನಾವಿಕರಿಗೆ ‘ಟ್ವಿಕ್’ ಎಂಬ ಗುರುತಿನ ಕಾರ್ಡ್ ಬೇಕು. ಇದರ ನೋಂದಣಿ 2007ರ ಅಕ್ಟೋಬರ್‌ನಲ್ಲಿ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿ ಶುರುವಾಯಿತು. ಕಾರ್ಡಿನ ಅವಧಿ 5 ವರ್ಷ.

● ಕಾರ್ಡ್ ಕೊಡುವ ಮುನ್ನ ಬೆರಳಚ್ಚು ಪಡೆದು ಅಪರಾಧ ದಾಖಲೆ, ವಲಸೆ ಸ್ಥಿತಿ, ಭಯೋತ್ಪಾದಕರ ಪಟ್ಟಿ ಎಲ್ಲವನ್ನೂ ತಾಳೆ ನೋಡುತ್ತಾರೆ. ಬೇಹುಗಾರಿಕೆ, ದೇಶದ್ರೋಹಗಳಲ್ಲಿ ಶಿಕ್ಷೆಯಾದವರಿಗೆ ಕಾರ್ಡ್ ಎಂದೂ ಸಿಗದು. ಇನ್ನು ಕೆಲವು ಅಪರಾಧಗಳಿಗೆ ಅಡ್ಡಿ ನಿಗದಿತ ವರ್ಷಗಳವರೆಗೆ ಮಾತ್ರ.

● ಅರ್ಜಿ ತಿರಸ್ಕೃತವಾದರೆ ಮೇಲ್ಮನವಿ ಸಲ್ಲಿಸಬಹುದು. ಹಲವು ಪ್ರಕರಣಗಳಲ್ಲಿ ವಿನಾಯಿತಿಯನ್ನೂ ಕೋರಬಹುದು. ದುಡಿಯುವವರ ಅನ್ನದ ಪ್ರಶ್ನೆಯಾದ್ದರಿಂದ ಈ ಅವಕಾಶ ತಪಾಸಣೆಯಷ್ಟೇ ಮುಖ್ಯ.

● ಕಾರ್ಡ್ ಇದ್ದ ಮಾತ್ರಕ್ಕೆ ಗೇಟು ತೆರೆಯದು. ಒಳಗೆ ಕೆಲಸವಿದೆಯೇ ಎಂದು ನೋಡಿ ಬಿಡುವುದು ಆಯಾ ಬಂದರಿನವರು.

● ಹಡಗಿನ ಸಿಬ್ಬಂದಿಯ ಬಯೋಮೆಟ್ರಿಕ್ ಗುರುತಿನ ಚೀಟಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 185ನೇ ಒಪ್ಪಂದವಿದೆ. 2003ರ ಈ ಒಪ್ಪಂದವನ್ನು ಭಾರತ 2015ರಲ್ಲಿ ಅನುಮೋದಿಸಿತು.

● ಪಣಂಬೂರಿನ ನವ ಮಂಗಳೂರು ಬಂದರಿನ ಕಾವಲು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯದು.